ಟ್ರಂಕಿನ ತಳದಲ್ಲಿ ಸಿಕ್ಕಿದ ಕೆಜಿಎಫ್ ನೋಟೀಸು – ಇದು ಯಾವ ಕಾಲದ್ದು ಹೇಳ್ತೀರಾ?

ಪಾಲಾರ್_ಪಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮದು ಬೇತಮಂಗಲದ ಹತ್ತಿರ ಒಂದು ಹಳ್ಳಿ. ಮನೆ ರಿಪೇರಿಗೆ ಅಂತ ಅಟ್ಟ ಖಾಲಿ ಮಾಡುತ್ತಿದ್ದೆವು. ಮುತ್ತಜ್ಜಿಯ ತಗಡಿನ ಟ್ರಂಕು ಸಿಕ್ಕಿತು. ಒಳಗೆ ಎರಡು ಸೀರೆ, ಒಂದು ಹಿತ್ತಾಳೆ ಪಾವು, ಅಷ್ಟೇ. ತಳಕ್ಕೆ ತುಕ್ಕು ಹತ್ತದಿರಲಿ ಅಂತ ಹಳೇ ಕಾಗದ ಅಂಟಿಸಿದ್ದಾರೆ. ಆ ಕಾಗದದ ವಿಷಯಕ್ಕೇ ಇಲ್ಲಿ ಬಂದೆ.

ಎರಡು ಪದರ ಇದೆ. ಮೇಲಿನದು ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್. ರಾಬರ್ಟ್‌ಸನ್‌ಪೇಟೆಯ ಯಾವುದೋ ಅಂಗಡಿಯದು, ಹೆಸರಿನ ಜಾಗ ಹರಿದಿದೆ. ಬಹುತೇಕ ತಮಿಳಿನಲ್ಲಿದೆ, ಕೆಳಗೆ ನಾಲ್ಕು ಸಾಲು ಕನ್ನಡ. ಗ್ರಾಮಫೋನ್, ಟಾಕಿ ಹಾಡಿನ ಪ್ಲೇಟುಗಳು, ಟಾರ್ಚು, ಅಲಾರಂ ಗಡಿಯಾರ. "ಸಂಬಳದ ದಿವಸ ರಾತ್ರಿ 10 ಘಂಟೆಯವರೆಗೂ ಅಂಗಡಿ ತೆರೆದಿರುವುದು" ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ.

ಅದರ ಅಡಿಯದು ನೋಟೀಸು. ಮೇಲೆ ಇಂಗ್ಲಿಷು, ಆಮೇಲೆ ತಮಿಳು, ತೆಲುಗು, ಕಟ್ಟಕಡೆಗೆ ಕನ್ನಡ. ಹೊರಡಿಸಿದವರು ಯಾರು ಅನ್ನುವ ಭಾಗ ಹರಿದುಹೋಗಿದೆ. ಕನ್ನಡ ಹೀಗಿದೆ:

"ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಸಯನೈಡು ನೀರು ನಿಲ್ಲುವ ಸ್ಥಳಗಳಲ್ಲಿ ದನಕರುಗಳನ್ನು ಬಿಡತಕ್ಕದ್ದಲ್ಲ. ಬಿಟ್ಟು ಸತ್ತಲ್ಲಿ ಜವಾಬ್ದಾರರಲ್ಲ. ಹಿಡಿದವುಗಳನ್ನು ದೊಡ್ಡಿಗೆ..."

ಮುಂದೆ ಹರಿದಿದೆ. ತಾರೀಖು ಎಲ್ಲೂ ಇಲ್ಲ. ಮುತ್ತಜ್ಜಿ ಗಣಿ ಲೈನ್ಸ್‌ಗಳಿಗೆ (ಕೂಲಿಗಳ ಸಾಲುಮನೆಗಳಿಗೆ) ಹಾಲು ಹಾಕುತ್ತಿದ್ದಳು ಅಂತ ಅಪ್ಪ ಹೇಳುತ್ತಿದ್ದರು. ಇವು ಯಾವ ಕಾಲದವು, ಯಾರಿಗೆ ಗೊತ್ತಾಗುತ್ತೆ?

ಮಾಲೂರು_ಮಂಜ
"ಬಿಟ್ಟು ಸತ್ತಲ್ಲಿ ಜವಾಬ್ದಾರರಲ್ಲ." ಸತ್ತಿದ್ದು ಹಸುವೋ, ಹಸು ಬಿಟ್ಟವನೋ? 😂

ಅಚ್ಚುಮೊಳೆ
ಮಂಜ, ನಗಬೇಡ. ನೋಟೀಸಿನ ಕನ್ನಡ ಇವತ್ತಿಗೂ ಅದೇ. ಮೊನ್ನೆ ನಮ್ಮ ಬೀದಿಯಲ್ಲಿ "ಇಲ್ಲಿ ಕಸ ಹಾಕಿದವರನ್ನು ತೆಗೆದುಹಾಕಲಾಗುವುದು" ಅಂತ ಬರೆದಿದ್ದರು.

ಪಾಲಾರ್ ಅವರೇ, ನಾನು ನಲವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು. ಎರಡು ವಿಷಯ ಹೇಳಿ. ಕಾಗದದ ಹಿಂಬದಿ ಬೆರಳಾಡಿಸಿದರೆ ಅಕ್ಷರದ ಉಬ್ಬು ಸಿಗುತ್ತಾ? ದೊಡ್ಡ ಅಕ್ಷರಗಳ ಒಳಗೆ ಸಣ್ಣಗೆ ಮರದ ಎಳೆಯಂಥ ಗೆರೆ ಕಾಣುತ್ತಾ? ಕಂಡರೆ ಅದು ಮರದ ಮೊಳೆ. ದಪ್ಪಕ್ಷರಕ್ಕೆ ಸೀಸದ ಮೊಳೆ ಭಾರ, ದುಬಾರಿ ಬೇರೆ. ಅದಕ್ಕೇ ಪೋಸ್ಟರ್ ಕೆಲಸಕ್ಕೆ ಮರದ್ದು ಇಡುತ್ತಿದ್ದರು.

ತಮಿಳು ಭಾಗದಲ್ಲಿ 'ಲೈ', 'ಣೈ' ಅನ್ನೋ ಅಕ್ಷರಗಳನ್ನೂ ನೋಡಿ. ಆನೆ ಸೊಂಡಿಲು ಎತ್ತಿದ ಹಾಗೆ ಮೇಲೆ ಸುತ್ತಿಕೊಂಡ ಗೆರೆ ಇದ್ದರೆ ಅದು ಹಳೇ ಲಿಪಿ. 1978ರಲ್ಲಿ ತಮಿಳುನಾಡು ಸರ್ಕಾರ ಅದನ್ನು ಬದಲಾಯಿಸಿತು.

ಪಾಲಾರ್_ಪಕ್ಕ
ಸೊಂಡಿಲು ಇದೆ ಸಾರ್! ಉಬ್ಬೂ ಸಿಗುತ್ತೆ.

ಮಾಲೂರು_ಮಂಜ
ಅಂದರೆ 1978ಕ್ಕೆ ಮುಂಚೆ. ಮುತ್ತಜ್ಜಿ ಕಾಲದ್ದು ಅಂತ ನಮಗೆ ಮೊದಲೇ ಗೊತ್ತಿತ್ತಲ್ಲಪ್ಪಾ. ಭಾರೀ ಪತ್ತೇದಾರಿಕೆ.

ಗೆಜೆಟ್_ಗೋಪಾಲ
ನಾನು ಎರಡೂ ಕಡೆಯಿಂದ ಬೇಲಿ ಹಾಕುತ್ತೇನೆ, ನೋಡಿ.

ಕೆಳಗಿನ ಬೇಲಿ: ಸೈನೈಡ್ ಹಾಕಿ ಚಿನ್ನ ತೆಗೆಯುವ ವಿಧಾನಕ್ಕೆ ಸ್ಕಾಟ್ಲೆಂಡ್‌ನಲ್ಲಿ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ. ಕೆಜಿಎಫ್‌ಗೆ ಬಂದದ್ದು 1890ರ ದಶಕದಲ್ಲಿ. ಅದಕ್ಕೆ ಮುಂಚೆ ಆ ನೋಟೀಸು ಹುಟ್ಟೋಕೆ ಆಗಲ್ಲ. ಇನ್ನು ರಾಬರ್ಟ್‌ಸನ್‌ಪೇಟೆ. ಅದು ಸರ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನದು. ಅವರು ಮೈಸೂರಿನ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಆಗಿದ್ದದ್ದು 1896ರಿಂದ 1903. ಹ್ಯಾಂಡ್‌ಬಿಲ್ ಅದಕ್ಕಿಂತ ಈಚಿನದೇ.

ಮೇಲಿನ ಬೇಲಿ: ಹ್ಯಾಂಡ್‌ಬಿಲ್‌ನಲ್ಲಿ ಬೆಲೆ ರೂಪಾಯಿ-ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಮುಂಚೆ. ಆಮೇಲೆ ನಯಾಪೈಸೆ ಬಂತು.

ಟಾಕಿ ಹಾಡು ಅಂದಿದ್ದೀರಲ್ಲ, ಅದು ಇನ್ನೂ ಒಳ್ಳೇ ಗೂಟ. ಭಾರತದಲ್ಲಿ ಮಾತಾಡುವ ಸಿನಿಮಾ ಬಂದದ್ದೇ 1931ರಲ್ಲಿ. ಹಾಗಾಗಿ ಹ್ಯಾಂಡ್‌ಬಿಲ್ 1931ರಿಂದ 1957ರ ಒಳಗೆ.

ಶರಾವತಿ_ದೀಪ
1931 ಅಲ್ಲ, 1934 ಅನ್ನಿ. ಕನ್ನಡದ ಮೊದಲ ಟಾಕಿ ಬಂದದ್ದು 1934ರಲ್ಲಿ.

ಗೆಜೆಟ್_ಗೋಪಾಲ
ಅಲ್ಲಿ ಕನ್ನಡ ಪ್ಲೇಟು ಯಾರು ಕೇಳುತ್ತಿದ್ದರು ತಾಯೀ? ತಮಿಳು ಟಾಕಿ 1931ರಲ್ಲೇ ಬಂದಿತ್ತು. ಹ್ಯಾಂಡ್‌ಬಿಲ್ಲೂ ತಮಿಳಿನದೇ.

ಕನ್ನಡ_ಮೊದಲು
ಇದೇ ನನ್ನ ಸಂಕಟ. ಮೈಸೂರು ಸಂಸ್ಥಾನದ ಮಣ್ಣಿನಲ್ಲಿ ನಿಂತು ನೋಟೀಸು ಹಾಕುತ್ತಾರೆ, ಕನ್ನಡಕ್ಕೆ ನಾಲ್ಕನೇ ಸ್ಥಾನ! ಹಾಲು ಕೊಟ್ಟವರು ನಾವು, ತರಕಾರಿ, ಸೌದೆ ಕೊಟ್ಟವರು ನಾವು, ಶಿವನಸಮುದ್ರದ ಕರೆಂಟು ಕೊಟ್ಟವರೂ ನಾವು. ಓದೋಕೆ ಕೊನೇ ಎರಡು ಸಾಲು.

ಚಾಂಪಿಯನ್_ಮೊಮ್ಮಗ
ಸರ್, ಒಂದು ನಿಮಿಷ. ನನ್ನ ಮನೆಮಾತು ತಮಿಳು. ನಮ್ಮ ತಾತ, ಅವರ ಅಪ್ಪ ಇಬ್ಬರೂ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗಿಳಿದವರು. ನಾನು ಕನ್ನಡ ಮೀಡಿಯಂನಲ್ಲಿ ಓದಿ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೋಪ ಬೇಡ, ಲೆಕ್ಕ ನೋಡಿ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಗಣಿಗಳಲ್ಲಿ 30 ಸಾವಿರಕ್ಕೂ ಹೆಚ್ಚು ಕೂಲಿಗಳಿದ್ದರು. ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರು. ಅದರಲ್ಲೂ ಬಹುಪಾಲು ಜನ ಊರಲ್ಲಿ ಜೀತದ ಹಾಗೆ ದುಡಿದು, ಕೆರೆ ನೀರೂ ಮುಟ್ಟದ ಹಾಗೆ ದೂರ ಇಡಲಾಗಿದ್ದ ದಲಿತರು. ಅವರಿಗೆ ಹೇಳಬೇಕಾದದ್ದನ್ನು ತಮಿಳಿನಲ್ಲಿ ಹಾಕಿದರು. ಭಾಷೆ ಮೇಲಿನ ಪ್ರೀತಿಯಿಂದ ಅಲ್ಲ, ಕೆಲಸ ಆಗಬೇಕಿತ್ತು ಅಂತ.

ಇಂಗ್ಲಿಷ್ ಯಾಕೆ ಮೇಲಿತ್ತು? ಅದನ್ನು ಯಾರೂ ಕೇಳಲಿಲ್ಲ ನೋಡಿ.

ಅಚ್ಚುಮೊಳೆ
ಕೊನೇ ಸಾಲಿಗೆ ನೂರು ಮಾರ್ಕು.

ಕನ್ನಡ_ಮೊದಲು
ನಾನು ತಮಿಳರ ಮೇಲೆ ಕೋಪ ಮಾಡಿಕೊಂಡಿಲ್ಲ ಚಾಂಪಿಯನ್ ಅವರೇ. ಕಂಪನಿ ಮೇಲೆ. ಲಂಡನ್ನಿನಲ್ಲಿ ಕೂತವರಿಗೆ ನಮ್ಮ ಲಿಪಿ ಎಲ್ಲಿ ನೆನಪಾಗಬೇಕು.

ಗೆಜೆಟ್_ಗೋಪಾಲ
ಕನ್ನಡಕ್ಕೆ ಜಾಗವೇ ಇರಲಿಲ್ಲ ಅಂತಲ್ಲ. 1866ರಿಂದ ಬರುತ್ತಿದ್ದ ಮೈಸೂರು ಗೆಜೆಟ್ ತೆಗೆದು ನೋಡಿ. ಸರ್ಕಾರದ ಪ್ರಕಟಣೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಬರುತ್ತಿತ್ತು. ಗಣಿ ಊರಿನ ಗೋಡೆ ಬೇರೆ, ಸಂಸ್ಥಾನದ ಗೆಜೆಟ್ ಬೇರೆ. ಒಂದು ಕೂಲಿಗೆ, ಇನ್ನೊಂದು ಕಚೇರಿಗೆ.

ನನ್ನನ್ನು ಕೇಳಿದರೆ ಕೆಜಿಎಫ್‌ನ ಅಸಲಿ ಜಾಹೀರಾತು ಕೆಜಿಎಫ್‌ನಲ್ಲಿ ಇರಲೇ ಇಲ್ಲ. ಅದು ಬರುತ್ತಿದ್ದದ್ದು ಲಂಡನ್ ಪತ್ರಿಕೆಗಳಲ್ಲಿ. ಕಂಪನಿ ಶುರುವಾಗುವಾಗ ಷೇರು ಕೊಳ್ಳಿ ಅನ್ನುವ ಪ್ರಕಟಣೆ. ಆಮೇಲೆ ತಿಂಗಳು ತಿಂಗಳೂ ಎಷ್ಟು ಟನ್ ಕಲ್ಲು ಕುಟ್ಟಿದೆವು, ಎಷ್ಟು ಔನ್ಸ್ ಚಿನ್ನ ಬಂತು ಅನ್ನುವ ವರದಿ. 1880ರ ಹೊತ್ತಿಗೆ ವಯನಾಡಿನಲ್ಲಿ ಚಿನ್ನ ಇದೆ ಅಂತ ಹುಯಿಲೆಬ್ಬಿಸಿ ಮೂವತ್ತಕ್ಕೂ ಹೆಚ್ಚು ಕಂಪನಿ ಹುಟ್ಟಿಸಿದರು. ಪ್ರಕಟಣೆ ನೋಡಿ ದುಡ್ಡು ಹಾಕಿದವರು ಬರಿಗೈ ಆದರು. ಕೋಲಾರಕ್ಕೂ ಅದೇ ಗತಿ ಬರುವುದಿತ್ತು. ಮೈಸೂರು ಮೈನ್‌ನ ದುಡ್ಡು ಮುಗಿಯುತ್ತಾ ಬಂದು, ಷೇರು ನೆಲ ಕಚ್ಚಿ, ಮುಚ್ಚಿಬಿಡೋಣ ಅನ್ನುವ ಮಾತು ಎದ್ದಿತ್ತು. ಜಾನ್ ಟೇಲರ್ ಕಂಪನಿಯವರು ಉಳಿದ ದುಡ್ಡಿನಲ್ಲಿ ಇನ್ನೊಂದು ಸಲ ಅಗೆಯೋಣ ಅಂತ ಷೇರುದಾರರನ್ನು ಒಪ್ಪಿಸಿದರು. ಆಗ ಸಿಕ್ಕಿದ್ದು ಚಾಂಪಿಯನ್ ಲೋಡ್ ಅನ್ನುವ ಚಿನ್ನದ ಪದರ. ಇಲ್ಲದಿದ್ದರೆ ನಮ್ಮ ಪಾಲಾರ್ ಅವರ ಮುತ್ತಜ್ಜಿ ಹಾಲನ್ನು ಬೇರೆಲ್ಲೋ ಮಾರಬೇಕಿತ್ತು.

ಶರಾವತಿ_ದೀಪ
ಅದಕ್ಕೂ ಹಿಂದಿನ ಜಾಹೀರಾತು ಬಿಟ್ಟಿರಿ. 1802ರಲ್ಲಿ ಜಾನ್ ವಾರನ್ ಗಡಿ ಸರ್ವೆಗೆ ಬಂದವನು, ಇಲ್ಲಿ ಚಿನ್ನ ಸಿಗುತ್ತೆ ಅನ್ನೋ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಅಂದನಂತೆ. ಉರಿಗಾಂ ಊರಿನವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಮುಂದೆಯೇ ತೊಳೆದು ಚಿನ್ನದ ಕಣ ತೋರಿಸಿದರು. ಕಾಗದ ಇಲ್ಲ, ಅಚ್ಚು ಇಲ್ಲ. ಕೆಲಸ ಆಯಿತು.

ಮಾಲೂರು_ಮಂಜ
ಬಹುಮಾನ ಕೊಟ್ಟನಾ?

ಶರಾವತಿ_ದೀಪ
ಅದನ್ನು ಅವನನ್ನೇ ಕೇಳು.

ನೈಟ್_ಶಿಫ್ಟ್
ಅಪ್ಪ ನಂದಿದುರ್ಗ ಮೈನ್‌ನಲ್ಲಿದ್ದರು. ಇಲ್ಲಿ ಎಲ್ಲರೂ ಕಾಗದದ ಬಗ್ಗೆ ಮಾತಾಡುತ್ತಿದ್ದೀರಿ. ಅಲ್ಲಿ ಕಾಗದ ಯಾರು ನೋಡುತ್ತಿದ್ದರು? ಊರು ನಡೆಯುತ್ತಿದ್ದದ್ದು ಸಂಗಿನ ಮೇಲೆ. ಸೈರನ್‌ಗೆ ನಾವೆಲ್ಲ ಸಂಗು ಅಂತಲೇ ಹೇಳುವುದು, ತಮಿಳಿನಲ್ಲಿ ಶಂಖ. ಸಂಗು ಊದಿದರೆ ಅಮ್ಮ ಒಲೆ ಹಚ್ಚುತ್ತಿದ್ದಳು. ಗಣಿಯಲ್ಲಿ ಕೆಲಸ ಇಲ್ಲದವರೂ ಅದರ ಮೇಲೇ ಬದುಕುತ್ತಿದ್ದರು. ಸಂಗು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಹೆಂಗಸರು ಬರಿಗಾಲಲ್ಲಿ ಶಾಫ್ಟ್ (ಗಣಿ ಬಾವಿ) ಕಡೆ ಓಡುತ್ತಿದ್ದರು. ಅದನ್ನು ಯಾರೂ ಅಚ್ಚು ಹಾಕಿಸಬೇಕಾಗಿರಲಿಲ್ಲ.

ಸಂಗಿಗೂ ಮುಂಚೆ ಗೊತ್ತಾಗುವ ಇನ್ನೊಂದು ಇತ್ತು. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆ ಅದುರುತ್ತಿತ್ತು. ತಟ್ಟೆ ಲೋಟ ಗಲಗಲ ಅನ್ನುತ್ತಿದ್ದವು. 'ಏರ್‌ಬ್ಲಾಸ್ಟ್' ಅಂತ ಹಳಬರು ಹೇಳುತ್ತಿದ್ದರು.

ಕೇಜ್ (ಗಣಿಯೊಳಗೆ ಜನರನ್ನು ಇಳಿಸುವ ಲಿಫ್ಟ್) ಇಳಿಯುವ ಕಡೆ ಒಂದು ಬೋರ್ಡ್ ಇರುತ್ತಿತ್ತು. ಗಂಟೆ ಎಷ್ಟು ಸಲ ಬಾರಿಸಿದರೆ ಏನರ್ಥ ಅಂತ. ಅಪ್ಪನಿಗೆ ಓದು ಬರುತ್ತಿತ್ತು, ಆದರೂ ಆ ಬೋರ್ಡನ್ನು ಒಂದು ಸಲವೂ ಓದಿಲ್ಲ ಅನ್ನುತ್ತಿದ್ದರು. ಕಿವಿಗೇ ಬಾಯಿಪಾಠ.

ಹಟ್ಟಿ_ಮಾವ
ಇದು ಸರಿಯಾದ ಮಾತು. ನಮ್ಮ ಕಡೆ ಹಟ್ಟಿ ಚಿನ್ನದ ಗಣಿಯಲ್ಲೂ ಸೈರನ್ನೇ ಗಡಿಯಾರ. ಊರಿಗೆ ಏನಾದರೂ ಹೇಳಬೇಕಂದ್ರೆ ಡಂಗುರ. ಕೆಜಿಎಫ್‌ನಲ್ಲಿ ತಮಟೆ ಹೊಡೆದು ಸಾರುತ್ತಿರಲಿಲ್ಲವಾ?

ಚಾಂಪಿಯನ್_ಮೊಮ್ಮಗ
ಹೊಡೆಯದೆ ಏನು! ಪ್ಲೇಗ್, ಕಾಲರಾ ಸೂಜಿ, ನೀರು ಬರಲ್ಲ, ಎಲ್ಲಾ ಟಾಂಟಾಂ. ತಾತ ಹೇಳುತ್ತಿದ್ದ ಕಥೆ: ಲೈನ್ಸ್‌ಗೆ ಬಂದವನು ಮೊದಲು ತಮಿಳಿನಲ್ಲಿ ಕೂಗುತ್ತಿದ್ದ, ಮುಂದಿನ ಬೀದಿಗೆ ಹೋಗಿ ತೆಲುಗು. ಹುಡುಗರು ಅವನ ಹಿಂದೆ ಓಡಿ ಎರಡೂ ಕಲಿತುಬಿಡುತ್ತಿದ್ದರು. ಅಂಗಡಿಯವರೂ ಅದನ್ನೇ ಹಿಡಿದರು. ಸಿನಿಮಾ ಬಂದರೆ ಜಟಕಾಗೆ ಎರಡೂ ಕಡೆ ಬೋರ್ಡ್ ಕಟ್ಟಿ, ಒಳಗೆ ಒಬ್ಬ ಡೋಲು ಹೊಡೆಯುತ್ತಾ, ಇನ್ನೊಬ್ಬ ಹ್ಯಾಂಡ್‌ಬಿಲ್ ತೂರುತ್ತಾ ಹೋಗುವುದು. ಪಾಲಾರ್ ಅವರ ಗುಲಾಬಿ ಕಾಗದ ಹಾಗೇ ಯಾರದೋ ತಲೆ ಮೇಲೆ ಬಿದ್ದದ್ದಿರಬೇಕು. ಹಳದಿ, ಗುಲಾಬಿ, ಹಸಿರು ಕಾಗದ ಅಂದರೆ ಮಕ್ಕಳಿಗೆ ಹಬ್ಬ. ಗಾಳಿಪಟ ಆಗುತ್ತಿತ್ತು.

ಸಂಬಳದ ದಿನದ ಸಾಲು ಮಾತ್ರ ಪಕ್ಕಾ ಕೆಜಿಎಫ್. ಆ ದಿನ ಅಂಗಡಿ, ಸೇಂದಿ, ಸಾರಾಯಿ, ಬಡ್ಡಿ ಸೇಟು ಎಲ್ಲರೂ ಕಾದು ಕೂತಿರುತ್ತಿದ್ದರು. ಮನೆಗೆ ಬರುವ ಹೊತ್ತಿಗೆ ಜೇಬು ಅರ್ಧ ಖಾಲಿ. ಗ್ರಾಮಫೋನ್ ಅಂಗಡಿಯವನು ಹತ್ತು ಗಂಟೆ ತನಕ ತೆಗೆದಿಟ್ಟದ್ದು ಆ ಉಳಿದ ಅರ್ಧಕ್ಕೆ.

ವಿದ್ಯಾ_ಸಾಗರ
ಕೂಲಿಗಳಿಗೆ ಓದು ಬರುತ್ತಿರಲಿಲ್ಲ, ಅದಕ್ಕೇ ಡಂಗುರ. ಇಷ್ಟೇ ವಿಷಯ. ನೋಟೀಸು ಹಾಕಿದ್ದು ಕಂಪನಿ ಫೈಲಿಗೆ.

ಚಾಂಪಿಯನ್_ಮೊಮ್ಮಗ
ಅಷ್ಟು ಸಲೀಸಾಗಿ ಹೇಳಬೇಡಿ. ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ದಲಿತ ಚಿಂತಕ ಅಯೋತ್ತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಇತ್ತು. ಅವರು 1907ರಲ್ಲಿ ಮದ್ರಾಸಿನಲ್ಲಿ 'ಒರು ಪೈಸಾ ತಮಿಳನ್' ಅಂತ ವಾರಪತ್ರಿಕೆ ಶುರು ಮಾಡಿದರು. ಹೆಸರೇ ಬೆಲೆ, ಒಂದು ಪೈಸೆ. ಅದಕ್ಕೆ ಕೆಜಿಎಫ್‌ನಲ್ಲಿ ಓದುಗರಿದ್ದರು. 1914ರಲ್ಲಿ ಅವರು ತೀರಿಕೊಂಡರು. ಆಮೇಲೆ 1926ರಿಂದ ಅದೇ 'ತಮಿಳನ್' ಪತ್ರಿಕೆ ಚಾಂಪಿಯನ್ ರೀಫ್‌ನಿಂದಲೇ ಬಂತು. ಅಪ್ಪಾದುರೈಯಾರ್ ಅದನ್ನು ನಡೆಸಿದರು. ಗಣಿ ಕೂಲಿಗಳ ಊರಿನಿಂದ ಪತ್ರಿಕೆ, ಪುಸ್ತಕ ಎಲ್ಲಾ ಬರುತ್ತಿದ್ದವು ಸರ್. ಒಬ್ಬ ಓದುತ್ತಿದ್ದ, ಇಪ್ಪತ್ತು ಜನ ಕೂತು ಕೇಳುತ್ತಿದ್ದರು. ಓದು ಬರದಿದ್ದವನಿಗೂ ಪತ್ರಿಕೆಯಲ್ಲಿ ಏನಿದೆ ಅಂತ ಗೊತ್ತಿರುತ್ತಿತ್ತು.

ಓದು ಬರಲ್ಲ ಅಂದರೆ ಬುದ್ಧಿ ಬರಲ್ಲ ಅಂತಲ್ಲ. 1930ರ ಏಪ್ರಿಲ್‌ನಲ್ಲಿ ಎಲ್ಲಾ ಕೂಲಿಗಳೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಅಂದರು. ಬೆರಳಚ್ಚು ತೆಗೆಯುವುದು ಕಳ್ಳರಿಗೆ, ನಮಗ್ಯಾಕೆ ಅಂತ ಇಡೀ ಗಣಿಯೇ ಕೆಲಸ ನಿಲ್ಲಿಸಿತು. ಸುಮಾರು ಮೂರು ವಾರ. ಅದರ ಅರ್ಥ ಅವರಿಗೆ ಚೆನ್ನಾಗೇ ಆಗಿತ್ತು.

ವಿದ್ಯಾ_ಸಾಗರ
ಪತ್ರಿಕೆ ವಿಷಯ ಗೊತ್ತಿರಲಿಲ್ಲ. ಮಾತು ವಾಪಸ್ ತಗೊಂಡೆ. ಆದರೂ ನೋಟೀಸು ಫೈಲಿಗೇ ಅಂತ ನನ್ನ ಅನಿಸಿಕೆ. "ಜವಾಬ್ದಾರರಲ್ಲ" ಅನ್ನೋ ಪದ ನೋಡಿ. ಹಸು ಉಳಿಸೋಕೆ ಬರೆದದ್ದಲ್ಲ ಅದು. ನಾಳೆ ಯಾರಾದರೂ ಪರಿಹಾರ ಕೇಳಿದರೆ ತೋರಿಸೋಕೆ.

ಪಾಲಾರ್_ಪಕ್ಕ
ಇದು ಒಪ್ಪುವ ಮಾತು. ಹಸುವಿಗೆ ನಾಲ್ಕು ಭಾಷೆಯಲ್ಲಿ ಹೇಳಿದರೂ ನೀರು ಕುಡಿಯುವುದನ್ನು ಬಿಡುತ್ತಾ.

ಬೆಂಗಳೂರು_ಬಾಬು
ಕೆಜಿಎಫ್‌ನ ಬ್ರಿಟಿಷರ ಕ್ಲಬ್ ಮುಂದೆ 'ನಾಯಿಗಳಿಗೆ ಮತ್ತು ಭಾರತೀಯರಿಗೆ ಪ್ರವೇಶವಿಲ್ಲ' ಅಂತ ಬೋರ್ಡ್ ಇತ್ತಂತಲ್ಲ? ಅದರ ಫೋಟೋ ಹಾಕಿ ಯಾರಾದರೂ.

ಅಚ್ಚುಮೊಳೆ
ಬಾಬು, ಈ ಬೋರ್ಡಿನ ಕಥೆಯನ್ನು ದೇಶದ ಪ್ರತಿ ಊರಿನವರೂ ತಮ್ಮ ಊರಿನದು ಅಂತ ಹೇಳುತ್ತಾರೆ. ಫೋಟೋ ಕೇಳಿದರೆ "ನಮ್ಮ ಮಾವ ಕಣ್ಣಾರೆ ನೋಡಿದ್ದರು" ಅನ್ನುತ್ತಾರೆ. ಫೋಟೋ ಬರೋವರೆಗೂ ನಾನು ನಂಬಲ್ಲ.

ನೈಟ್_ಶಿಫ್ಟ್
ಬೋರ್ಡ್ ಯಾಕೆ ಬೇಕು ಬಾಬು? ಆಕಡೆ ದಿಬ್ಬದ ಮೇಲೆ ಹೆಂಚಿನ ಬಂಗಲೆ, ಹೂದೋಟ, ಗಾಲ್ಫ್ ಮೈದಾನ. ಈಕಡೆ ಬಿದಿರು ತಟ್ಟಿಯ ಒಂದೊಂದು ಕೋಣೆ. ನಡುವೆ ವಾಚ್‌ಮನ್. ಎಲ್ಲಿ ನಿಲ್ಲಬೇಕು ಅಂತ ಕಾಲಿಗೇ ಗೊತ್ತಿತ್ತು.

ಶರಾವತಿ_ದೀಪ
ವಿಷಯಕ್ಕೆ ಬನ್ನಿ. ಟಾರ್ಚು, ಗ್ರಾಮಫೋನ್ ಮಾರುತ್ತಿದ್ದಾರೆ ಅಂದರೆ ಮನೆಗಳಲ್ಲಿ ಕರೆಂಟು ಇತ್ತು ಅಂತ ತಾನೇ? ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂದದ್ದು 1902ರ ಜೂನ್ 30. ಬೆಂಗಳೂರಿಗೆ 1905. ಅಲ್ಲಿಂದ ಲೆಕ್ಕ ಹಾಕಬಹುದಲ್ಲ?

ಗೆಜೆಟ್_ಗೋಪಾಲ
ಎರಡು ತಪ್ಪು. ಒಂದು, ಗ್ರಾಮಫೋನ್‌ಗೆ ಕರೆಂಟು ಬೇಡ, ಕೀ ಕೊಟ್ಟರೆ ಸಾಕು. ಟಾರ್ಚಿಗೂ ಸೆಲ್. ಕರೆಂಟಿಲ್ಲದ ಮನೆಯವರೇ ಟಾರ್ಚು ಕೊಳ್ಳುವುದು. ಎರಡು, ಸುಮಾರು 92 ಮೈಲಿ ತಂತಿ ಎಳೆದು 1902ರಲ್ಲಿ ತಂದದ್ದು ಗಣಿಯ ಯಂತ್ರಗಳಿಗೆ. ಲೈನ್ಸ್‌ನಲ್ಲಿ ಇರುವವನಿಗೆ ಅಲ್ಲ. ಕೆಜಿಎಫ್‌ಗೆ ಬೆಂಗಳೂರಿಗಿಂತ ಮೊದಲು ಕರೆಂಟು ಬಂತು ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಯಾರ ಮನೆಗೆ ಅಂತ ಕೇಳಬೇಕು.

ಶರಾವತಿ_ದೀಪ
ಸರಿ ಮೇಷ್ಟ್ರೇ. ಬೆತ್ತ ಕೆಳಗಿಡಿ.

ಟೀ_ಅಂಗಡಿ
ಜಾಹೀರಾತು ಅಂದಾಗ ಎನಾಮಲ್ ಬೋರ್ಡ್ ನೆನಪಾಯಿತು. ನಮ್ಮ ಕಡೆ ಒಂದು ಹಳೇ ಬೋರ್ಡ್ ಬಾಗಿಲಿಗೆ ತೂಗುಹಾಕಿದ್ದೇನೆ. ಟೀ ಮಾಡುವುದು ಹೇಗೆ ಅಂತ ಚಿತ್ರಸಹಿತ ಇದೆ. 1930ರ ದಶಕದ ಕೊನೆಯಲ್ಲಿ ಟೀ ಮಂಡಳಿಯವರು ಭಾರತದ ಹಲವು ಭಾಷೆಗಳಲ್ಲಿ ಇಂಥ ಬೋರ್ಡ್ ಹಾಕಿಸಿದರು. ಮಿಲ್ಲು, ಗಣಿ, ಜಾತ್ರೆ ಅಂತ ಜನ ಸೇರುವ ಕಡೆ ಹೋಗಿ ಪುಕ್ಕಟೆ ಟೀ ಕುಡಿಸಿದರು. ಜನಕ್ಕೆ ರುಚಿ ಹತ್ತಿತು. ಈಗ ನೋಡಿ, ಬೋರ್ಡ್ ಕೇಳಿಕೊಂಡು ಬೆಂಗಳೂರಿನಿಂದ ಬರುತ್ತಾರೆ. ಟೀ ಕುಡಿಯದೆ ಹೋಗುತ್ತಾರೆ.

ಹಟ್ಟಿ_ಮಾವ
ಇವರೆಲ್ಲರಿಗಿಂತ ಹಳೇ ನೋಟೀಸು ನಮ್ಮೂರ ಪಕ್ಕದ್ದು. ಮಸ್ಕಿ ಶಾಸನ. 1915ರಲ್ಲಿ ಅದನ್ನು ಹುಡುಕಿದವನು ಇತಿಹಾಸದ ಮೇಷ್ಟ್ರಲ್ಲ, ಬೀಡನ್ ಅನ್ನುವ ಚಿನ್ನದ ಗಣಿ ಎಂಜಿನಿಯರು. ನಿಜಾಮನ ಸೀಮೆಯಲ್ಲಿ ಚಿನ್ನ ಹುಡುಕುತ್ತಾ ಬಂದವನಿಗೆ ಸಿಕ್ಕಿದ್ದು ಅಶೋಕನ ಹೆಸರು. ಅದುವರೆಗೆ ಸಿಕ್ಕ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತಷ್ಟೇ ಇತ್ತು. ಅದು ಅಶೋಕನೇ ಅಂತ ಖಾತ್ರಿಯಾದದ್ದು ಮಸ್ಕಿಯಿಂದ.

ಕನ್ನಡ_ಮೊದಲು
ಅದೂ ಕನ್ನಡದಲ್ಲಿ ಇರಲಿಲ್ಲ!

ಹಟ್ಟಿ_ಮಾವ
ಪ್ರಾಕೃತ, ಬ್ರಾಹ್ಮಿ ಲಿಪಿ. ಆ ಕಾಲಕ್ಕೆ ನಮ್ಮ ರೈತನಿಗೆ ಅದು ಎಲ್ಲಿ ಬರಬೇಕು? ಅದಕ್ಕೇ ಅಶೋಕನಿಗೂ ಡಂಗುರದ ಬುದ್ಧಿ ಇತ್ತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಶಾಸನ ನೋಡಿ. ತಿಷ್ಯ (ಪುಷ್ಯ) ನಕ್ಷತ್ರದ ದಿನ ಇದನ್ನು ಜನರಿಗೆ ಓದಿ ಹೇಳಬೇಕು ಅಂತ ಅಧಿಕಾರಿಗಳಿಗೆ ಅಪ್ಪಣೆ ಇರುವ ಶಾಸನಗಳು ಒಡಿಶಾದ ಧೌಲಿಯಲ್ಲಿವೆ, ಅವೇ ಇಲ್ಲೂ ಇವೆ. ಬಂಡೆ ಫೈಲಿಗೆ, ಬಾಯಿ ಜನಕ್ಕೆ. ವಿದ್ಯಾಸಾಗರ್ ಹೇಳಿದ್ದು ಎರಡು ಸಾವಿರ ವರ್ಷ ಹಳೇ ಪದ್ಧತಿ.

ಮಾಲೂರು_ಮಂಜ
ಹಸುವಿನಿಂದ ಹೊರಟು ಅಶೋಕನ ತನಕ ಬಂದೆವು. ಪಾಲಾರ್ ಅಣ್ಣ ಓಡಿಹೋದ್ರಾ?

ಪಾಲಾರ್_ಪಕ್ಕ
ಇಲ್ಲೇ ಇದ್ದೀನಿ. ಹೊಸ ಸುದ್ದಿ ಇದೆ. ನೋಟೀಸಿನ ಒಂದು ಮೂಲೆ ತಾನೇ ಬಿಟ್ಟುಕೊಂಡಿತ್ತು. ಮೆಲ್ಲಗೆ ಎತ್ತಿದೆ. ಹಿಂಬದಿ ಖಾಲಿ ಇರುತ್ತೆ ಅಂದುಕೊಂಡಿದ್ದೆ. ಪೂರಾ ಪೆನ್ಸಿಲ್ ಬರಹ! ಹಾಲಿನ ಲೆಕ್ಕ. ಮುತ್ತಜ್ಜಿಗೆ ಬರೆಯೋಕೆ ಬರುತ್ತಿರಲಿಲ್ಲ. ಪ್ರತಿ ಮನೆಗೆ ಒಂದು ಗುರುತು, ಅದರ ಮುಂದೆ ಗೀಟು ಗೀಟು. ಒಂದು ಗೀಟು ಒಂದು ಪಾವು ಇರಬೇಕು. ಒಂದು ಮನೆಗೆ ಏಣಿ, ಒಂದಕ್ಕೆ ಮೀನು, ಒಂದಕ್ಕೆ ಶಿಲುಬೆ. ಪಕ್ಕದಲ್ಲಿ ಮುತ್ತಜ್ಜ ಅಕ್ಷರದಲ್ಲಿ ಬರೆದಿದ್ದಾರೆ. ಆಣೆ, ಕಾಸು ಎಲ್ಲಾ ಇದೆ.

ಮೇಲೆ "ಶ್ರೀಮುಖ, ಕಾರ್ತೀಕ" ಅಂತ ಎರಡು ಹೆಸರಿದೆ. ಇವರಿಬ್ಬರು ಯಾರು ಅಂತ ಗೊತ್ತಾಗುತ್ತಿಲ್ಲ. ಹಾಲು ಕೊಂಡವರಿರಬೇಕು. ನಮ್ಮ ಕಡೆ ಶ್ರೀಮುಖ ಅಂತ ಹೆಸರಿಡುವುದು ನಾನು ಕೇಳಿಲ್ಲ.

ಶರಾವತಿ_ದೀಪ
ಅಯ್ಯೋ ದೇವರೇ!! ಅದು ಮನುಷ್ಯ ಅಲ್ಲ, ಸಂವತ್ಸರ!

ಗೆಜೆಟ್_ಗೋಪಾಲ
ನಮ್ಮ ಯುವಕರ ಪಂಚಾಂಗ ಜ್ಞಾನ. ಪ್ರಭವ, ವಿಭವ, ಶುಕ್ಲ, ಪ್ರಮೋದೂತ, ಪ್ರಜೋತ್ಪತ್ತಿ, ಆಂಗೀರಸ, ಶ್ರೀಮುಖ. ಏಳನೆಯದು. ಅರವತ್ತು ವರ್ಷಕ್ಕೊಮ್ಮೆ ಬರುತ್ತೆ. 1873, 1933, 1993.

1993 ಅಲ್ಲ, ಆಗ ಆಣೆ ಎಲ್ಲಿತ್ತು. 1873ರಲ್ಲಿ ಲವೆಲ್ ಇನ್ನೂ ಗಣಿ ಲೈಸೆನ್ಸ್ ಕೊಡಿ ಅಂತ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕುತ್ತಿದ್ದ. ಬೆಂಗಳೂರಿನ ಲ್ಯಾವೆಲ್ ರಸ್ತೆಯ ಲವೆಲ್ಲೇ. ಸೈನೈಡ್ ವಿಧಾನ ಹುಟ್ಟಿಯೇ ಇರಲಿಲ್ಲ. ಉಳಿದದ್ದು ಒಂದೇ. ಶ್ರೀಮುಖ ಸಂವತ್ಸರದ ಕಾರ್ತೀಕ ಅಂದರೆ 1933ರ ಅಕ್ಟೋಬರ್-ನವೆಂಬರ್. ನೋಟೀಸು ಅದಕ್ಕಿಂತ ಹಿಂದಿನದು. ಹಳೇ ನೋಟೀಸಿನ ಬೆನ್ನ ಮೇಲೆ ಲೆಕ್ಕ ಬರೆದಿದ್ದಾರೆ.

ಅಚ್ಚುಮೊಳೆ
ಭೇಷ್! ಹಸುವನ್ನು ಹಿಡಿದು ದೊಡ್ಡಿಗೆ ಹಾಕುತ್ತೇವೆ ಅಂತ ಬೆದರಿಸಿದ ಕಾಗದದ ಮೇಲೆ ಅದೇ ಹಸುವಿನ ಹಾಲಿನ ಲೆಕ್ಕ. ಗೋಡೆಯಿಂದ ಕಿತ್ತುಕೊಂಡೇ ಬಂದಿರಬೇಕು ನಿಮ್ಮ ಮುತ್ತಜ್ಜಿ. ಮೂಲೆಗಳಲ್ಲಿ ಅಂಟಿನ ಕಲೆ ಇದೆಯಾ?

ಪಾಲಾರ್_ಪಕ್ಕ
ಹಿಂಬದಿ ಎರಡು ಮೂಲೆಯಲ್ಲಿ ಸುಣ್ಣ ಅಂಟಿದೆ ಸಾರ್. ಗೋಡೆ ಸುಣ್ಣ!

ಮಾಲೂರು_ಮಂಜ
ಸರ್ಕಾರಿ ನೋಟೀಸು ಹರಿದದ್ದಕ್ಕೆ ದಂಡ ಬಿದ್ದರೆ ಮರಿಮೊಮ್ಮಗನೇ ಕಟ್ಟಬೇಕು.

ಚಾಂಪಿಯನ್_ಮೊಮ್ಮಗ
ಪಾಲಾರ್ ಅಣ್ಣಾ, ಆ ಮೀನಿನ ಗುರುತಿನ ಮನೆ ಯಾವ ಲೈನ್ಸ್ ಅಂತ ಬರೆದಿದೆಯಾ? ಸುಮ್ನೆ ಕೇಳಿದೆ. ನಮ್ಮ ಮನೆ ಬಾಗಿಲ ಮೇಲೆ ಮುತ್ತಾತ ಬಾಚಿಯಿಂದ ಮೀನು ಕೆತ್ತಿದ್ದರಂತೆ. ಅವರು ಮೊದಲು ಊರಲ್ಲಿ ಕೆರೆ ಮೀನು ಹಿಡಿಯುತ್ತಿದ್ದವರು.

ಪಾಲಾರ್_ಪಕ್ಕ
ಲೈನ್ಸ್ ಹೆಸರಿಲ್ಲ ತಮ್ಮಾ. ಮೀನಿನ ಮುಂದೆ ಇಪ್ಪತ್ತಾರು ಗೀಟು. ಪಕ್ಕದಲ್ಲಿ ಮುತ್ತಜ್ಜನ ಅಕ್ಷರದಲ್ಲಿ "ಬಾಕಿ ಮೂರಾಣೆ".

ಚಾಂಪಿಯನ್_ಮೊಮ್ಮಗ
ಅದು ನಮ್ಮ ಮುತ್ತಾತನೇ. ಅನುಮಾನವೇ ಇಲ್ಲ. 😄

ಟೀ_ಅಂಗಡಿ
ಇಬ್ಬರೂ ನಮ್ಮ ಅಂಗಡಿಗೆ ಬನ್ನಿ. ಮೂರಾಣೆಗೆ ಬಡ್ಡಿ ಹಾಕಿ ಎರಡು ಟೀ ಕೊಡಿಸಲಿ. ಪಾಲಾರ್ ಅವರೇ, ಉಳಿದ ಮೂಲೆಗಳನ್ನು ಹಬೆ ಕೊಟ್ಟು ಎಬ್ಬಿಸೋಕೆ ಹೋಗಬೇಡಿ, ಪೆನ್ಸಿಲ್ ಬರಹ ಅಳಿಸಿಹೋಗಬಹುದು. ಟ್ರಂಕು ಸಮೇತ ಹಾಗೇ ತನ್ನಿ.

ಪಾಲಾರ್_ಪಕ್ಕ
ಭಾನುವಾರ ಬರ್ತೀನಿ. ಟ್ರಂಕು ಬಸ್ಸಿನಲ್ಲಿ ಹಾಕಿಕೊಳ್ಳೋಕೆ ಕಂಡಕ್ಟರ್ ಒಪ್ಪಬೇಕು, ಅಷ್ಟೇ.